ಪರದೆಯ ಹಿಂದೆ ಕುಳಿತು ನೋಡಿದ ಕ್ರಿಸ್‌ಮಸ್ ಸಿನಿಮಾ

ಆಗ ನನಗೆ ಇಪ್ಪತ್ತೆರಡು ವರ್ಷ. ಅದಾಗಿ ಐವತ್ತು ವರ್ಷ ತುಂಬುತ್ತ ಬಂತು. ಆ ಸಂಜೆ ನಾನು ಸೊಂಟದಲ್ಲಿ ಕಡ್ಡಿಪೆಟ್ಟಿಗೆ ಸಿಕ್ಕಿಸಿಕೊಂಡು ಸಿನಿಮಾ ನೋಡಲು ಹೋಗಿದ್ದೆ. ಸಿನಿಮಾ ಬರೀ ನೆವ. ನೆಗೆಣ್ಣಿಯ ಬಣವೆಗೆ ಬೆಂಕಿ ಇಡುವುದು ನನ್ನ ಕೆಲಸ.

ನೆಗೆಣ್ಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅವಳು ಸತ್ತು ಬಹಳ ವರ್ಷವಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ನನ್ನ ತವರು ಮುದ್ದೇಬಿಹಾಳದ ಕಡೆ. ಕೊಟ್ಟದ್ದು ಸಿಂದಗಿ ತಾಲೂಕಿನ ಒಂದು ಊರಿಗೆ. ಆ ಮನೆಯಲ್ಲಿ ಅತ್ತೆ ಇರಲಿಲ್ಲ, ಹಾಗಾಗಿ ನೆಗೆಣ್ಣಿಯೇ ಅತ್ತೆ. ಕೀಲಿಗೊಂಚಲು ಅವಳ ಸೊಂಟದಲ್ಲಿ, ಜೋಳ ತುಂಬಿಡುವ ನೆಲದ ಹಗೇವು ಅವಳ ಕಣ್ಣಲ್ಲಿ. ನಾನು ಬಸುರಿಯಾದಾಗ ನಮ್ಮಪ್ಪ ಬಂಡಿ ಕಟ್ಟಿಕೊಂಡು ಕರೆಯಲು ಬಂದ. ಬಿತ್ತುವ ದಿನಗಳು, ಕೈ ಸಾಲುವುದಿಲ್ಲ ಅಂತ ಅವಳು ಕಳಿಸಲಿಲ್ಲ. ಅಪ್ಪ ಖಾಲಿ ಬಂಡಿ ಹೊಡೆದುಕೊಂಡು ತಿರುಗಿ ಹೋದ. ಹೆರಿಗೆಯ ಹೊತ್ತಿಗೆ ಒಳಕೋಣೆ ಮೈಲಿಗೆಯಾಗುತ್ತದೆ ಅಂತ ದನ ಕಟ್ಟುವ ಕಡೆ ನನಗೆ ಹೊರಸು ಹಾಕಿಸಿದಳು. ಗಂಡುಕೂಸು ಹುಟ್ಟಿತು. ಹೆಸರಿಡುವಷ್ಟು ದಿನವೂ ಉಳಿಯಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಅದೇ ವರ್ಷ ಎಳ್ಳಮಾವಾಸ್ಯೆ ಬಂತು. ನಮ್ಮದು ಬಿಳಿಜೋಳದ ಸೀಮೆ. ಆ ಹೊತ್ತಿಗೆ ತೆನೆಯಲ್ಲಿ ಹಾಲು ತುಂಬಿರುತ್ತದೆ. ಭೂಮಿತಾಯಿ ಬಸುರಿ ಅನ್ನುತ್ತೇವೆ. ಅವಳ ಬಯಕೆಗೆಂದು ಮನೆಮನೆಯಲ್ಲೂ ಸಜ್ಜೆ ಕಡಬು, ಶೇಂಗಾ ಹೋಳಿಗೆ, ಇದ್ದಬದ್ದ ಕಾಯಿಪಲ್ಲೆ ಕಾಳು ಕೂಡಿಸಿದ ಬಜ್ಜಿ ಮಾಡಿ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ಗಂಡಸರು ಆ ಅಡುಗೆಯನ್ನು ಬೆಳೆಯೊಳಗೆ ಚೆಲ್ಲುತ್ತ ಹೋಗುತ್ತಾರೆ. ಅದೇ ಚರಗ. ಆಮೇಲೆ ಎಲ್ಲರ ಊಟ. ಅವತ್ತು ಹೊಲಕ್ಕೆ ಬಂದವರನ್ನು ಉಣಿಸದೆ ಕಳಿಸಬಾರದು. ಕರೆದರೆ ಒಲ್ಲೆ ಅನ್ನಲೂ ಬಾರದು. ಚರಗದ ಊಟ ಒಲ್ಲೆ ಅಂದವರ ಹೊಲದಲ್ಲಿ ತೆನೆ ಜೊಳ್ಳಾಗುತ್ತದೆ ಅಂತ ಹಿರಿಯರ ಮಾತು. ಎಂಥ ಗೌಡರೂ ಇದಕ್ಕೆ ಹೆದರುತ್ತಾರೆ.

ಬುಟ್ಟಿ ಹೊತ್ತುಕೊಂಡು ನಾನು ಹೊಲದ ಒಡ್ಡು ಹತ್ತಿದೆ. ನೆಗೆಣ್ಣಿ ಹಿಂದಿನಿಂದ ಓಡಿಬಂದು ನನ್ನ ತಲೆಯ ಮೇಲಿಂದ ಬುಟ್ಟಿ ಕಿತ್ತುಕೊಂಡಳು.

"ಹೆತ್ತ ಕೂಸಿನ್ನ ನುಂಗಿದಾಕಿ ನೀ. ಬಸರಿ ಬೆಳಿ ಮ್ಯಾಲ ನಿನ್ನ ನೆಳ್ಳ ಬೀಳಬಾರದು. ಅಲ್ಲೇ ಬಂಡಿ ಹಂತೇಕ ಕುಂದರ ಹೋಗು."

ಸುತ್ತಲಿನ ಹೊಲಗಳ ಜನವೆಲ್ಲ ನಿಂತು ನೋಡಿದರು. ನನ್ನ ಊಟವನ್ನು ಬಂಡಿಯ ಹತ್ತಿರವೇ ತಂದಿಟ್ಟರು, ನಾಯಿಗೆ ಇಟ್ಟ ಹಾಗೆ. ನನ್ನ ಗಂಡ ಎತ್ತಿನ ಕೋಡು ಸವರುತ್ತ ನಿಂತಿದ್ದ. ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಅಂದ:

"ಹಿರಿಯಾಕಿ ಅದಾಳ. ಅಂದ್ರ ಅನ್ಲಿ, ಬಿಟ್ಟಬಿಡು."

"ನಾ ಬಿಟ್ರೂ ನನ್ನ ಹೊಟ್ಟಿ ಬಿಡಂಗಿಲ್ರಿ. ಬ್ಯಾರಿ ಆಗೂಣು."

ಯುಗಾದಿ ಮುಗಿದ ಮೇಲೆ ಬೇರೆಯಾದೆವು. ದೊಡ್ಡ ಮನೆ, ಬನ್ನಿಗಿಡ ಇರುವ ಹೊಲ, ಬಣವೆಗಳ ಹಿತ್ತಿಲು ಅವರಿಗೆ. ಪಕ್ಕದ ಹೊಲದ ಪಟ್ಟಿ ಮತ್ತು ಓಣಿಯ ಕಡೆಯ ಒಂದು ಖೋಲಿ ನಮಗೆ. ಪೂಜೆ ಮಾತ್ರ ಅದೇ ಬನ್ನಿಗಿಡಕ್ಕೆ ಎರಡೂ ಮನೆಯವರದು ಅಂತ ಹಿರಿಯರು ಹೇಳಿದರು. ನಾನು ವರ್ಷಪೂರ್ತಿ ಮನೆದೇವರಿಗೆ ಕೈಮುಗಿದೆ. ಅವಳ ಎಮ್ಮೆ ಬತ್ತಲಿ, ಅವಳ ಬೆಳೆಗೆ ಹುಳ ಬೀಳಲಿ ಅಂತ ಬೇಡಿಕೊಂಡೆ. ಎಮ್ಮೆ ಎರಡು ಹೊತ್ತೂ ಹಾಲು ಕೊಟ್ಟಿತು. ಬೆಳೆ ಆಳೆತ್ತರ ಬಂತು. ದೇವರ ಮೇಲಿನ ನಂಬಿಕೆ ನನಗೆ ಹೋದದ್ದು ಹಾಗೆ. ಕೂಸು ಸತ್ತಾಗ ಹೋಗಿರಲಿಲ್ಲ.

ಮತ್ತೆ ಎಳ್ಳಮಾವಾಸ್ಯೆ ಬಂತು. ಆ ವರ್ಷ ಅದು ಕ್ರಿಸ್‌ಮಸ್ಸಿಗೆ ಹತ್ತಿರವಾಗಿ ಬಂದಿತ್ತು. ಅಮಾವಾಸ್ಯೆಯ ಹಿಂದಿನ ದಿನ ಇಂಡಿ ಊರಿನ ಕಡೆಯಿಂದ ಮಿಷನ್ನಿನವರ ಜೀಪು ಬಂತು. ಓಣಿ ಓಣಿ ತಿರುಗಿ ಮೈಕಿನಲ್ಲಿ ಕೂಗಿದರು: ಇವತ್ತು ಸಂಜೆ ಬಯಲಿನಲ್ಲಿ ಕ್ರಿಸ್‌ಮಸ್ ಸಿನಿಮಾ, ಎಲ್ಲರೂ ಬನ್ನಿರಿ, ನಾಳೆ ನಾವು ಬಸವನ ಬಾಗೇವಾಡಿಯಲ್ಲಿ ಇರುತ್ತೇವೆ. ನಮ್ಮೂರಲ್ಲಿ ಒಂದು ಮನೆಯೂ ಕ್ರೈಸ್ತರದಿರಲಿಲ್ಲ. ಆದರೆ ಸಿನಿಮಾ ಅಂದರೆ ಯಾರು ಬಿಡುತ್ತಾರೆ? ಹಾಸಿಗೆ ಹಿಡಿದ ಮುದುಕರನ್ನೂ ಹೊತ್ತು ತಂದರು.

ಊರೆಲ್ಲ ಬಯಲಿನಲ್ಲಿದ್ದರೆ ನೆಗೆಣ್ಣಿಯ ಹಿತ್ತಿಲಿನಲ್ಲಿ ಯಾರೂ ಇರುವುದಿಲ್ಲ. ನನಗೆ ಬೇಕಾದದ್ದು ಅಷ್ಟೇ. ದೊಡ್ಡ ಬರ ಕಂಡ ಮೇಲೆ ಅವರು ಹಳೆಯ ಕಣಕಿಯನ್ನು, ಅಂದರೆ ಜೋಳದ ಒಣದಂಟನ್ನು, ಖಾಲಿ ಮಾಡುತ್ತಲೇ ಇರಲಿಲ್ಲ. ಬಣವೆ ಮನೆಯ ಮಾಳಿಗೆಗಿಂತ ಎತ್ತರ ಇತ್ತು, ಒಣಗಿ ಗರಿಗರಿಯಾಗಿತ್ತು. ನಮ್ಮ ಸೀಮೆಯಲ್ಲಿ ಬಣವೆ ಸುಟ್ಟರೆ ಮನೆ ಸುಟ್ಟ ಹಾಗೆ. ಯಾರು ಸುಟ್ಟರು ಅಂತ ಹೇಳಲು ಬೂದಿಗೆ ಬಾಯಿ ಇರುವುದಿಲ್ಲ.

ಎರಡು ಗಳ ನೆಟ್ಟು ಬಿಳಿ ಪರದೆ ಕಟ್ಟಿದ್ದರು. ಮುಂದೆ ಜಾಗ ಸಾಲದೆ ಅರ್ಧ ಜನ ಪರದೆಯ ಹಿಂದೆ ಕುಳಿತರು. ನಾನೂ ಹಿಂದೆಯೇ ಕುಳಿತೆ. ಅಲ್ಲಿಂದ ಎದ್ದರೆ ನೇರ ಓಣಿ, ಓಣಿ ದಾಟಿದರೆ ಅವಳ ಹಿತ್ತಿಲು. ನನ್ನ ಪಕ್ಕದಲ್ಲಿ ಗಾದಿಗೆ ಅರಳೆ ಹಿಂಜುವವರ ಮನೆಯ ಮುದುಕಿ ಬಂದು ಕುಳಿತಳು. ನಮ್ಮ ಓಣಿಯವಳೇ, ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ. ನೆಗೆಣ್ಣಿ ಮುಂದಿನ ಸಾಲಿನಲ್ಲಿ ಜಮಖಾನೆ ಹಾಸಿಕೊಂಡು ಮಕ್ಕಳ ಜೊತೆ ಕುಳಿತಿದ್ದಳು.

ಸಿನಿಮಾ ಶುರುವಾಯಿತು. ಬಣ್ಣ ಇರಲಿಲ್ಲ, ಮಾತು ಇಂಗ್ಲಿಷಿನದು. ಮೈಕು ಹಿಡಿದವನು ನಡುನಡುವೆ ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದ. ಇದು ಬಹಳ ಹಳೆಯ ಸಿನಿಮಾ, ತಮ್ಮ ಜನ ಪ್ರತಿ ಹಬ್ಬಕ್ಕೂ ಇದನ್ನೇ ನೋಡುತ್ತಾರೆ ಅಂದ. ಪರದೆಯ ತುಂಬ ಬೆಳ್ಳಗೆ ಏನೋ ಉದುರುತ್ತಿತ್ತು, ಮನೆ, ಗಿಡ, ಬಂಡಿ ಎಲ್ಲದರ ಮೇಲೂ.

"ಯಾರಪ್ಪಾ ಇಷ್ಟ ಅರಳಿ ಹಿಂಜಿ ತೂರಿದವ್ರು?" ಅಂದಳು ಖಾಲಾ. "ನಮ್ಮ ಮನ್ಯಾಂವ ಸಾಯೂತನಕ ಹಿಂಜಿದ್ರೂ ಇಷ್ಟ ಆಗಂಗಿಲ್ಲ."

"ಅದು ಮಂಜು, ಖಾಲಾ."

"ಮಂಜರ ಇರ್ಲಿ ಏನರ ಇರ್ಲಿ, ಹಾಳ ಮಾಡಾಕತ್ತಾರ."

ಕಥೆ ಹೀಗಿತ್ತು. ಒಂದು ದೊಡ್ಡ ಮನೆ. ಅದರಲ್ಲಿ ಕಲ್ಲಿನಂಥ ಒಬ್ಬ ಅತ್ತೆ. ಸೊಸೆಯನ್ನು ಅಪಶಕುನದವಳು ಅಂತ ಹೊರಗೆ ಹಾಕಿದ್ದಾಳೆ. ಸೊಸೆ ಒಂದು ಮುರುಕು ಗುಡಿಸಲಿನಲ್ಲಿ ಒಬ್ಬಳೇ ಇದ್ದಾಳೆ. ಮೈಕಿನವನು ಇಷ್ಟು ಹೇಳುವುದರೊಳಗೆ ಮುಂದಿನಿಂದ ಒಬ್ಬ ಮುದುಕ ಕೂಗಿದ:

"ಇದು ನಮ್ಮೂರ ಕಥಿನ ಐತಲ್ಲೋ ತಮ್ಮಾ!"

ಜನ ಗೊಳ್ಳೆಂದು ನಕ್ಕರು. ನೆಗೆಣ್ಣಿಯ ದನಿ ಕೇಳಿಸಿತು: "ಪರದೆ ನೋಡ್ರಿ, ನನ್ನ ಮಾರಿ ಏನ್ ನೋಡ್ತೀರಿ? ನನ್ನ ಮಾರಿ ಮ್ಯಾಲೇನ್ ಸಿನಿಮಾ ಹಚ್ಯಾರ?"

ನನಗೆ ನಗು ಬರಲಿಲ್ಲ. ಇನ್ನು ಏಳಬೇಕು ಅಂದುಕೊಂಡೆ. ಅಷ್ಟರಲ್ಲಿ ಸಿನಿಮಾದೊಳಗಿನ ಮಕ್ಕಳು ಒಂದು ಆಟ ಕಟ್ಟಿದರು. ದನದ ಕೊಟ್ಟಿಗೆ, ಗ್ವಾದಲಿ, ಗ್ವಾದಲಿಯಲ್ಲಿ ಮೇವು, ಮೇವಿನ ಮೇಲೆ ಒಂದು ಕೂಸು. ದೇವರ ಮಗ ಹುಟ್ಟಿದ್ದು ಹೀಗೆ ಅಂದ ಮೈಕಿನವನು. ಆ ತಾಯಿಗೆ ಊರಲ್ಲಿ ಯಾರೂ ಒಳಗೆ ಜಾಗ ಕೊಡಲಿಲ್ಲವಂತೆ. ಪರದೆಯ ಮೇಲಿನ ದೊಡ್ಡವರೆಲ್ಲ ಆ ಕೂಸಿಗೆ ಮೊಣಕಾಲೂರಿದರು.

ನಾನು ಎದ್ದವಳು ಹಾಗೆಯೇ ನಿಂತೆ. ದನದ ಕಡೆ ಹೆತ್ತವಳನ್ನು ಲೋಕವೇ ತಾಯಿ ಅನ್ನುತ್ತಿತ್ತು. ಕೂಸು ನುಂಗಿದವಳು ಅಂತ ಯಾರೂ ಅವಳ ಬುಟ್ಟಿ ಕಿತ್ತುಕೊಳ್ಳಲಿಲ್ಲ. ನನ್ನ ಕೂಸನ್ನು ನೋಡಲು ಒಬ್ಬರೂ ಬಂದಿರಲಿಲ್ಲ. ಮೇವು ನೋಡಿ ನಮ್ಮ ಜೋಡೆತ್ತೂ ನೆನಪಾದವು. ಹೆರಿಗೆಯ ದಿನ ನಾನು ಚೀರಿದಾಗ ಬೆದರದೆ ಮೆಲುಕು ಹಾಕುತ್ತ ನಿಂತಿದ್ದ ಎತ್ತುಗಳು ಅವು. ಪಾಲಿನಲ್ಲಿ ಅವರಿಗೆ ಹೋಗಿದ್ದವು. ಬಣವೆ ಸುಟ್ಟರೆ ಉಪವಾಸ ಬೀಳುವುದು ಅವು. ನೆಗೆಣ್ಣಿ ಕಣಕಿ ತಿನ್ನುವುದಿಲ್ಲ. ಅವಳು ಬೂದಿಯ ಮುಂದೆ ಕುಳಿತು ಅಳುತ್ತಾಳೆ, ಊರೆಲ್ಲ ಅವಳ ಮಗ್ಗುಲಲ್ಲಿ ಕುಳಿತು ಸಮಾಧಾನ ಹೇಳುತ್ತದೆ. ಅವಳಿಗೆ ಊರಿನ ಕರುಣೆ ಕೊಡಿಸಲು ನಾನು ಬೆಂಕಿ ಇಡಬೇಕೇ?

"ಎಲ್ಲಿ ಹೊಂಟೀ? ಕುಂದರ," ಅಂತ ಖಾಲಾ ಸೆರಗು ಜಗ್ಗಿದಳು. "ಸೊಸಿ ಬಂದ್ಲು ನೋಡು."

ಕುಳಿತೆ. ಹಬ್ಬದ ಮನೆ. ಒಳಗೆ ಒಂದು ಗಿಡ ನಿಲ್ಲಿಸಿ ದೀಪ ಹಚ್ಚಿದ್ದಾರೆ. ಮನೆಯೊಳಗೆ ಬನ್ನಿಗಿಡ ನಿಲ್ಲಿಸ್ಯಾರ ಅಂದಳು ಖಾಲಾ. ಜನ ಸಾಲಾಗಿ ಉಣ್ಣಲು ಕುಳಿತಿದ್ದಾರೆ. ಸೊಸೆ ತನ್ನ ಗುಡಿಸಲಿನಲ್ಲಿ ಬೇಯಿಸಿದ್ದನ್ನು ಗಡಿಗೆಯಲ್ಲಿ ಹೊತ್ತುಕೊಂಡು, ಹಿತ್ತಿಲಿನಿಂದಲ್ಲ, ತಲೆಬಾಗಿಲಿನಿಂದ ಒಳಗೆ ಬಂದಳು. ಈ ಹಬ್ಬದ ದಿನ ಬಾಗಿಲಿಗೆ ಬಂದವರನ್ನು ತಿರುಗಿ ಕಳಿಸುವ ಹಾಗಿಲ್ಲ ಅಂದ ಮೈಕಿನವನು. ಅತ್ತೆಯ ಮುಖ ಕರ್ರಗಾಯಿತು. ಸೊಸೆ ನೇರ ಅವಳ ಹತ್ತಿರ ನಡೆದಳು. ಗಡಿಗೆ ಇಟ್ಟಳು, ಮುಚ್ಚಳ ತೆಗೆದಳು, ಅತ್ತೆಯ ತಾಟಿಗೆ ಬಡಿಸಿದಳು.

ಬಡಿಸಿದ್ದು ಎಡಗೈಯಲ್ಲಿ.

"ಯಾ ಅಲ್ಲಾ! ಎಡಗೈಲೆ ಬಡಸಿದ್ಲಲ್ಲ!" ಅಂದಳು ಖಾಲಾ. ಹಿಂದೆ ಕುಳಿತ ಹೆಂಗಸರೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅತ್ತೆ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು. ಸೊಸೆ ನಿಂತು ನೋಡುತ್ತಲೇ ಇದ್ದಳು.

"ಇದೇ ಕ್ಷಮೆ, ಇದೇ ಪ್ರೀತಿ" ಅಂದ ಮೈಕಿನವನು. ಮುಂದೆ ಕುಳಿತವರು ಮೂಗು ಸೇದುವುದು ಕೇಳಿಸಿತು. ಎಂಥಾ ದೊಡ್ಡ ಗುಣದ ಸೊಸಿ ಅಂತ ಯಾರೋ ಅಂದರು.

ನನಗೆ ಕ್ಷಮೆ ಎಲ್ಲಿಯೂ ಕಾಣಲಿಲ್ಲ. ಎಂಥ ಸೇಡು ಅನ್ನಿಸಿತು. ಬೈಯಲಿಲ್ಲ, ಬಡಿಯಲಿಲ್ಲ, ಸುಡಲಿಲ್ಲ. ಅಪಶಕುನ ಅಂದವಳ ಬಾಯಿಗೇ ಅಪಶಕುನದ ಕೈಯ ಅನ್ನ ಹಾಕಿದಳು, ಅದೂ ಎಲ್ಲರ ಮುಂದೆ.

ಪರದೆಯ ಹಿಂದಿನಿಂದ ನೋಡಿದರೆ ಎಡ ಬಲ ಅದಲುಬದಲಾಗುತ್ತದೆ, ಆಕೆ ಬಡಿಸಿದ್ದು ಬಲಗೈಯಲ್ಲಿ ಅಂತ ಮುಂದೆ ಕುಳಿತಿದ್ದವರು ಆಮೇಲೆ ಹೇಳಿದರು. ಇರಲಿ. ಮೈಕಿನವನು ಏಸುವಿನ ಬಗ್ಗೆ ಹೇಳಿದ್ದು ನನ್ನ ತಲೆಗೆ ಹತ್ತಲಿಲ್ಲ, ಕೊನೆಗೆ ಹಂಚಿದ ಚಿತ್ರದ ಕಾಗದವನ್ನೂ ನಾನು ತೆಗೆದುಕೊಳ್ಳಲಿಲ್ಲ. ಆದರೆ ವರ್ಷಪೂರ್ತಿ ನನ್ನ ಮನೆದೇವರು ತೋರಿಸದ ದಾರಿಯನ್ನು ಆ ಬಿಳಿ ಬಟ್ಟೆ ತೋರಿಸಿತು. ತಲೆಬಾಗಿಲಿನಿಂದ ಒಳಗೆ ಹೋಗಬಹುದು ಅನ್ನುವ ಆಸೆ ಹುಟ್ಟಿತು. ಜನ ಭಕ್ತಿ ಅನ್ನುವುದು ಇದಕ್ಕೇ ಏನೋ, ಗೊತ್ತಿಲ್ಲ. ನನಗೆ ಸಿಕ್ಕದ್ದು ಇಷ್ಟು, ಸಾಕಾಯಿತು.

ಮನೆಗೆ ಬಂದು ಕಡ್ಡಿಪೆಟ್ಟಿಗೆಯನ್ನು ಒಲೆಯ ಗೂಡಿನಲ್ಲಿಟ್ಟೆ. ಕಡಬಿಗೆ ಸಜ್ಜೆ ಹಿಟ್ಟು ನಾದಲು ಕುಳಿತೆ.

"ನಮ್ಮಿಬ್ಬರಿಗೆ ಇಷ್ಟ್ಯಾಕ?" ಅಂದ ಗಂಡ.

"ಮಂದಿ ಬರ್ತಾರ್ರಿ," ಅಂದೆ.

ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು, ಊರ ನಡುವಿನ ದಾರಿಯಲ್ಲೇ ನಡೆದು, ಅವರಿಗಿಂತ ಮೊದಲು ಬನ್ನಿಗಿಡದ ಕೆಳಗೆ ಹೋಗಿ ಕುಳಿತೆ. ಅವರು ಬಂದರು, ಪೂಜೆ ಆಯಿತು, ಗಂಡಸರು ಚರಗ ಚೆಲ್ಲಿ ಬಂದರು. ಸುತ್ತಲಿನ ಹೊಲದವರು, ಖಾಲಾ, ನಿನ್ನೆ ಕೂಗಿದ ಮುದುಕ, ಎಲ್ಲರೂ ಸೇರಿದ ಮೇಲೆ ನಾನು ನಮ್ಮ ಪಟ್ಟಿಯ ಒಡ್ಡಿನ ಮೇಲೆ ನಿಂತು ಕೂಗಿದೆ:

"ಯಕ್ಕಾ, ನಮ್ಮ ಹೊಲದಾಗ ಚರಗದ ಊಟಕ್ಕ ಬಾ."

ನೆಗೆಣ್ಣಿ ತಲೆ ಎತ್ತಲಿಲ್ಲ. "ನಮ್ಮದ ಬೇಕಾದಷ್ಟ ಐತಿ."

"ಐತ್ಯಾ ಅಂತ ಕೇಳಲಿಲ್ಲ. ಬಾ ಅಂದೆ."

ಎಲ್ಲರೂ ಇತ್ತ ತಿರುಗಿದರು. ಮುದುಕ ಮೀಸೆ ತಿರುವಿದ. "ಒಲ್ಲೆ ಅಂತಿ ಏನವಾ? ಅನ್ನು ಮತ್ತ. ತೆನಿ ಇನ್ನೂ ಹಾಲಗಾಳ ಅದಾವ."

ನಮ್ಮ ಭಾವ ಬೆಳೆಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. "ಏಳ, ಹೋಗಿ ಕುಂದರ," ಅಂದ.

ಅವಳು ಒಡ್ಡು ದಾಟಿ ಬಂದು ಕುಳಿತಳು. ತಪ್ಪು ಹುಡುಕಲು ಏನೂ ಸಿಗಬಾರದು ಅಂತ ನಾನು ಬಲಗೈಯಲ್ಲೇ ಬಡಿಸಿದೆ. ಕಡಬು, ಬಜ್ಜಿ, ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ತುತ್ತು ಎತ್ತಿದಳು, ಬಾಯಿಗೆ ಹಾಕಿಕೊಂಡಳು, ಬಹಳ ಹೊತ್ತು ಅಗಿದಳು.

"ಬಜ್ಜಿಗಿ ಉಪ್ಪ ಕಡಿಮಿ ಆಗೇತಿ," ಅಂದಳು.

"ಹೌದೇನಕ್ಕಾ?" ಅಂದು ಒಂದು ಚಿಟಿಕೆ ಉಪ್ಪು ತಂದು ಅವಳ ತಾಟಿನ ಅಂಚಿಗೆ ಹಾಕಿದೆ. ಇನ್ನೂ ಎರಡು ಕಡಬು ಬಡಿಸಿದೆ. ಆಮೇಲೆ ಅವಳ ಎದುರಿಗೇ ಕುಕ್ಕರಗಾಲಿನಲ್ಲಿ ಕುಳಿತು, ತಾಟು ಖಾಲಿಯಾಗುವವರೆಗೆ ಅವಳ ಬಾಯಿಯನ್ನೇ ನೋಡಿದೆ.