ಹುಲ್ಲಿನಲ್ಲಿ ಆಂಟಿಯನ್ನು ಹುಡುಕಿದ ಅಂಕಲ್

"ಅಂಕಲ್, ಮೊಬೈಲ್ ಕಳ್ಕೊಂಡ್ರಾ?" ಎಂದು ಕೇಳಿದೆ. ಸಿಂಗಪುರದ ಸೆಂಬವಾಂಗ್‌ನ ನಮ್ಮ ಬ್ಲಾಕಿನ ಕೆಳಗೆ, ಬೆವರು ಸುರಿಯುವ ಸಂಜೆಯಲ್ಲಿ, ಮೇಲಿನ ಮನೆಯ ಉಡುಪಿಯ ಅಂಕಲ್ ಬೀಪ್ ಬೀಪ್ ಎನ್ನುವ ಯಂತ್ರವೊಂದನ್ನು ಹಿಡಿದು ಹುಲ್ಲಿನ ಮೇಲೆ ತೆವಳುತ್ತಿದ್ದರು.

"ಇಲ್ಲಮ್ಮ, ಆಂಟಿನ ಹುಡುಕ್ತಿದ್ದೀನಿ" ಎಂದರು. ಆಂಟಿ ಪಕ್ಕದಲ್ಲೇ ಫೋನಿನಲ್ಲಿ ಟೈಮ್ ನೋಡುತ್ತ ನಿಂತಿದ್ದರು.

ಮುಂದಿನ ವಾರ ಇಬ್ಬರೂ ಜಪಾನಿನ ಬೆಟ್ಟಗಳಿಗೆ ಸ್ಕೀಯಿಂಗ್ ಹೊರಟಿದ್ದರು. ಹಳೆಯ ಹಿಮಕ್ಕೆ ಹೊಸದು ಸರಿಯಾಗಿ ಅಂಟಿರದಿದ್ದರೆ ಇಡೀ ಇಳಿಜಾರೇ ಜಾರಿ ಮನುಷ್ಯರನ್ನು ಹೂತುಬಿಡುತ್ತದಂತೆ. ಆಗ ಹೂತುಹೋದವರ ಎದೆಗೆ ಕಟ್ಟಿದ ಯಂತ್ರದ ಸಿಗ್ನಲ್ ಹಿಡಿದು ಜೊತೆಯವರೇ ಹುಡುಕಬೇಕು. ಅಭ್ಯಾಸಕ್ಕೆಂದು ಆಂಟಿ ತಮ್ಮ ಯಂತ್ರವನ್ನು ಬಚ್ಚಿಟ್ಟಿದ್ದರು.

ಕೊನೆಗೆ ಅದು ದಾಸವಾಳದ ಗಿಡದ ಬುಡದಲ್ಲಿ, ಟವೆಲ್ಲಿನೊಳಗೆ ಸಿಕ್ಕಿತು.

"ಒಂಬತ್ತು ನಿಮಿಷ ಆಯ್ತು ರೀ. ಅಷ್ಟೊತ್ತು ನಂಗೆ ಉಸಿರು ಕಟ್ಕೊಂಡು ಇರಕ್ಕಾಗಲ್ಲ" ಎಂದರು ಆಂಟಿ, ಮೆಲ್ಲಗೆ.

ಅಂಕಲ್ ನಗಲಿಲ್ಲ. ಮತ್ತೆ ಬಚ್ಚಿಡಲೆಂದು ಯಂತ್ರವನ್ನು ಟವೆಲ್ಲಿನ ಸಮೇತ ಆಂಟಿಯ ಕೈಗೆ ಕೊಟ್ಟು, ಮೊಣಕಾಲಿನ ಮಣ್ಣನ್ನೂ ಕೊಡವದೆ, ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತರು.

ಅವರು ಜಪಾನಿಗೆ ಹೋಗಿ ನಾಲ್ಕು ದಿನವಾಯಿತು. ಲಿಫ್ಟಿಗೆ ಕಾಯುವಾಗ ನನ್ನ ಕಣ್ಣು ಆ ದಾಸವಾಳದ ಕಡೆಗೇ ಹೋಗುತ್ತದೆ. ಆಮೇಲೆ ನೆನಪಾಗುತ್ತದೆ, ಆವತ್ತು ಕತ್ತಲಾಗುವ ಹೊತ್ತಿಗೆ ಅಂಕಲ್ ಎರಡೇ ನಿಮಿಷದಲ್ಲಿ ಆಂಟಿಯನ್ನು ಹುಡುಕಿದ್ದರು.