ತೆಲುಗು ಬಾರದ ಮನುಷ್ಯ

ನನಗೆ ತೆಲುಗು ಬರುತ್ತದೆ, ಲಕ್ಷ್ಮೀದೇವಿಯವರೇ. ಚೆನ್ನಾಗಿಯೇ ಬರುತ್ತದೆ. ನನ್ನ ತಾಯಿಯ ತವರು ವೈ.ಎನ್.ಹೊಸಕೋಟೆ, ಲಾಲಿಯನ್ನೂ ಬೈಗುಳವನ್ನೂ ನಾನು ಮೊದಲು ಕೇಳಿದ್ದು ಆ ಭಾಷೆಯಲ್ಲೇ. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು.

ನಮ್ಮ ರಕ್ತಪರೀಕ್ಷೆಯ ಲ್ಯಾಬಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ — ನಾಲ್ಕೂ ಕಡೆ ಶಾಖೆ. ಸರ್ವರ್ ಮಾತ್ರ ಒಂದೇ; ಮಧುಗಿರಿಯಲ್ಲಿ, ನನ್ನ ಸುಪರ್ದಿಯಲ್ಲಿ. ನೀವೆಲ್ಲ ನಿಮ್ಮ ನಿಮ್ಮ ಊರಲ್ಲಿ ಕೂತು ಟೈಪ್ ಮಾಡಿದ ಫಲಿತಾಂಶ ಬಂದು ಸೇರುತ್ತಿದ್ದದ್ದು ಅದಕ್ಕೇ. ಅದನ್ನು ನಿಲ್ಲಿಸುವುದಕ್ಕೆ ನಾನೇ ಒಂದು ಶಾಸ್ತ್ರ ಮಾಡಿಟ್ಟಿದ್ದೆ. ಮೊದಲು ಹೊಸಬರು ಒಳಗೆ ಬರದಂತೆ ತಡೆಯುವುದು. ಆಮೇಲೆ ಒಳಗಿದ್ದವರಿಗೆ ಫೋನ್ ಮಾಡಿ, ಕೈಯಲ್ಲಿರುವುದನ್ನು ಮುಗಿಸಿ ಹೊರಬರಲು ಹೇಳುವುದು. ಎಲ್ಲರೂ ಬಂದ ಮೇಲಷ್ಟೇ ನಿಲ್ಲಿಸುವುದು. ಪಂಕ್ತಿಯಲ್ಲಿ ಕೊನೆಯವರು ಉಣ್ಣುತ್ತಿರುವಾಗ ಎಲೆ ಎತ್ತಬಾರದು — ಈ ಉಪದೇಶ ಕೇಳಿ ಕೇಳಿ ನಿಮಗೆಲ್ಲ ಬಾಯಿಪಾಠವಾಗಿತ್ತು.

ಆ ದಿನ ಮಧ್ಯಾಹ್ನ ರಿಪೇರಿಗೆಂದು ಕರೆಂಟ್ ತೆಗೆಯುವವರಿದ್ದರು. ಅಷ್ಟರೊಳಗೆ ಸರ್ವರ್ ನಿಲ್ಲಿಸಬೇಕು. ಹೊತ್ತು ಬೇಕಾದಷ್ಟಿತ್ತು. ಆದರೆ ಕೊರಟಗೆರೆಯಲ್ಲಿ ಬೀಗರೂಟವೂ ಇತ್ತು — ಮೊದಲ ಪಂಕ್ತಿ ತಪ್ಪಿದರೆ ಮೂಳೆಯೇ ಗತಿ ಎಂಬ ಘನವಾದ ಚಿಂತೆ ನನ್ನದು. ಉಳಿದವರೆಲ್ಲ ಹೊರಬಂದರು. ಪಾವಗಡಕ್ಕೆ, ನಿಮಗೆ, ಫೋನ್ ಮಾಡಿದೆ.

"ಏನಮ್ಮ, ಮುಗೀತಾ? ನನ್ ಬಸ್ಸು ಹೊಂಟೋಯ್ತದೆ ಕಣಮ್ಮ."

"ಅಯಿಪೋತಾ ಉಂದಿ ಸಾರ್."

ಅವಸರದಲ್ಲಿ ನಿಮ್ಮ ಬಾಯಿಗೆ ತೆಲುಗೇ ಬರುತ್ತಿತ್ತು. ಮುಗಿಯುತ್ತಾ ಇದೆ ಎಂದಿರಿ. 'ಅಯಿಪೋಯಿಂದಿ' ಎಂದಿದ್ದರೆ ಮುಗಿಯಿತು ಎಂದಾಗುತ್ತಿತ್ತು. ಎರಡರ ಅಂತರವನ್ನು ನನ್ನ ತಾಯಿ ಅಡುಗೆಮನೆಯಲ್ಲೇ ಕಲಿಸಿದ್ದಳು — ಮೊದಲನೆಯದಕ್ಕೆ ತಟ್ಟೆ ಹಿಡಿದು ಕಾಯಬೇಕು, ಎರಡನೆಯದಕ್ಕೆ ಕೂರಬಹುದು. ಗೊತ್ತಿತ್ತು. ಗೊತ್ತಿದ್ದೂ — ನಿಲ್ಲಿಸಿದೆ.

ನೀವು ಕಳಿಸುತ್ತಿದ್ದ ಫಲಿತಾಂಶ ಅರ್ಧ ಸೇರಿ ಅರ್ಧ ಸೇರದೆ, ಯಾರ ಸಕ್ಕರೆ ಯಾರದೆಂದು ತಿಳಿಯದಂತಾಯಿತು. ಹಳ್ಳಿಗಳಿಂದ ಬರಿಹೊಟ್ಟೆಯಲ್ಲಿ ಬಂದು ಹೋಗಿದ್ದವರು ಮತ್ತೆ ಬಂದು ರಕ್ತ ಕೊಡಬೇಕಾಯಿತು. ಮಾಲೀಕರು ನನ್ನನ್ನು ಕರೆಸಿದರು.

"ಆಯಮ್ಮ ತೆಲುಗಲ್ಲಿ ಮುಗೀತು ಅಂದಂಗಾಯ್ತು ಸಾರ್," ಎಂದೆ. "ನಂಗೆಲ್ಲಿ ತೆಲುಗು ಬರ್ತದೆ?"

ಅಷ್ಟೇ ಸಾಕಾಯಿತು. ನಿಮ್ಮನ್ನು ಕೆಲಸದಿಂದ ತೆಗೆದರು. ಮನೆಯಲ್ಲಿ ದುಡಿಯುವವರು ನೀವೊಬ್ಬರೇ ಎಂಬುದೂ ನನಗೆ ಗೊತ್ತಿತ್ತು. ನಾನು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ಕರ್ತವ್ಯನಿಷ್ಠೆಯ ಬಗ್ಗೆ ನಾಲ್ಕು ಮಾತಾಡಿ ಮನೆಗೆ ಬಂದೆ.

ಹೋದ ತಿಂಗಳು ನಾನು ಪಾವಗಡಕ್ಕೆ ಬಂದದ್ದು ಮಾತ್ರೆಗಲ್ಲ, ಇದನ್ನು ಹೇಳುವುದಕ್ಕೆ. ನೀವೀಗ ಕೆಲಸ ಮಾಡುವ ಮೆಡಿಕಲ್ ಸ್ಟೋರಿನ ಮುಂದೆ ನಿಂತೆ. ಗುರುತು ಹಿಡಿದಿರಿ.

"ಚೆನ್ನಾಗಿದ್ದೀರಾ ಸಾರ್? ನಿಧಾನಕ್ಕೆ ಕನ್ನಡದಾಗೇ ಮಾತಾಡ್ತೀನಿ. ನಿಮಗೆ ತೆಲುಗು ಬರಲ್ವಲ್ಲ."

ಕುಟುಕಿದಿರೋ, ಮರ್ಯಾದೆಗೆ ಅಂದಿರೋ — ನಿಮ್ಮ ಮುಖದಲ್ಲಿ ಓದಲಾಗಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಿಟ್ಟು, ಬಿ.ಪಿ. ಮಾತ್ರೆ ಕೊಡಿ ಎಂದೆ.

ನೀವು ಒಳಗಿದ್ದ ಅಂಗಡಿಯವರ ಕಡೆ ತಿರುಗಿದಿರಿ.

"ಪಾಪಂ, ಪೆದ್ದಾಯನ. ಕುರ್ಚೀ ಎಯ್ಯಂಡಿ."

ಪಾಪ, ವಯಸ್ಸಾದವರು, ಕುರ್ಚಿ ಹಾಕಿ ಎಂದು. ಕುರ್ಚಿ ಬಂತು. ಮಂಡಿ ನೋಯುತ್ತಿತ್ತು. ಆದರೂ ಅದು ಇನ್ಯಾರಿಗೋ ಬಂದದ್ದು ಎಂಬಂತೆ ನಾನು ನಿಂತೇ ಇದ್ದೆ — ನೀವು ಅದನ್ನೇ ಕನ್ನಡದಲ್ಲಿ ಹೇಳುವವರೆಗೂ.