ಫಿನ್ನಿಶ್ ಪದಕ್ಕಾಗಿ ನಿಂತ ಮೇಡಂ

2022ರ ಮಾರ್ಚ್‌ನಲ್ಲಿ ಪಸಡೀನಾದಲ್ಲಿ ಸೇರಿದ ಕನ್ನಡ ಶಾಲೆಗಳ ಪಠ್ಯಪುಸ್ತಕ ಸಮಿತಿ ಮೇಡಂ ಬರೆದ ಪಾಠವನ್ನು ಕೈಬಿಟ್ಟಿತು. ಸಭೆ ಮುಗಿಯುವವರೆಗೂ ಶಾಯಿ ಅಂಟಿ ನೀಲಿಯಾಗಿದ್ದ ಅವರ ಹೆಬ್ಬೆರಳು ಪಾಠದ ಹಾಳೆಗಳ ಮೇಲೆಯೇ ಇತ್ತು.

ಧಾರವಾಡದ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಕನ್ನಡದಲ್ಲೇ ಕಲಿಸಿದ್ದ ಅವರು ಸ್ಯಾನ್ ಡಿಯೆಗೊದ ಮೀರಾ ಮೆಸಾದಲ್ಲಿ ಶನಿವಾರದ ಕನ್ನಡ ತರಗತಿ ನಡೆಸುತ್ತಿದ್ದರು. ಆಗ ಹದಿಮೂರರ ನನ್ನ ಮಗಳು ಅವರ ವಿದ್ಯಾರ್ಥಿನಿ. ದೇಶದ ಆರ್ಥಿಕತೆಗೆ ಫಿನ್ನಿಶ್ ಭಾಷೆಯಲ್ಲಿರುವ ‘ಕನ್ಸಂತಲೋಉಸ್’ ಎಂಬ ಪದ ಹುಟ್ಟಿದ ಬಗೆಯೇ ಆ ಪಾಠ. ಕನ್ಸ ಎಂದರೆ ಜನ, ತಲೋ ಎಂದರೆ ಮನೆ. ತಲೋದಿಂದ ಬಂದ ತಲೋಉಸ್ ಎಂದರೆ ಮನೆವಾರ್ತೆ. ಕೂಡಿದರೆ, ಜನರ ಮನೆವಾರ್ತೆ.

ಪಾಠಕ್ಕೆ ತರುವ ಪದವನ್ನು ಅದನ್ನು ಮನೆಯಲ್ಲಿ ಆಡುವವರಿಗೆ ಮೊದಲು ಓದಿ ಹೇಳಬೇಕೆಂಬುದು ಮೇಡಂ ನಿಯಮ. ಈ ಸಲ ಆತುರದಲ್ಲಿ ಮಕ್ಕಳಿಗೆ ಕಲಿಸಿಬಿಟ್ಟು, ಆಮೇಲೆ ನೆರೆಯ ಸ್ಕ್ರಿಪ್ಸ್ ರ್ಯಾಂಚ್‌ನ ಫಿನ್ನಿಶ್ ಗೆಳತಿಗೆ ಹೇಳಿದರು. ‘ಫಿನ್ನರು ಯಾರ ಮಾದರಿಯೂ ಇಲ್ಲದೆ ಕಟ್ಟಿದ ಪದ’ ಎಂಬ ಸಾಲು ತಪ್ಪು, ಸ್ವೀಡಿಶ್, ಜರ್ಮನ್ ಪದಗಳ ಮಾದರಿ ಅದರ ಹಿಂದಿದೆ ಎಂದು ಆಕೆ ತಿಳಿಸಿದರು. ಮುಂದಿನ ಶನಿವಾರ ಮೇಡಂ ಮಕ್ಕಳೆದುರೇ ಆ ಸಾಲನ್ನು ಹೊಡೆದುಹಾಕಿದರು.

“ನಾ ತಪ್ಪು ಕಲಿಸೀನಿ. ನೀವೂ ಹೊಡೀರಿ.”

“ಟೀಚರ್ಸ್ ಕ್ಯಾನ್ ಬಿ ರಾಂಗ್?” ಎಂದಳು ನನ್ನ ಮಗಳು.

“ದಿನಾ ತಪ್ಪು ಮಾಡ್ತೀವಿ. ಹೇಳೂದಿಲ್ಲ, ಅಷ್ಟ.”

ತಿದ್ದುಪಡಿಯನ್ನು ಸಮಿತಿಗೂ ಅವರೇ ಕಳಿಸಿದರು. ಪಸಡೀನಾದ ಸಭೆಯಲ್ಲಿ ಸಮಿತಿಯ ಅಧ್ಯಕ್ಷರು ಹಿಡಿದದ್ದು ಅದನ್ನೇ.

“ಅದೂ ಕಾಪಿನೇ ಅಂತಾಯ್ತಲ್ಲ ಮೇಡಂ? ಎಕಾನಮಿ ಅಂತ ಬರೆದ್ರೆ ಮಕ್ಕಳಿಗೆ ಅರ್ಥ ಆಗುತ್ತೆ. ಈ ಪಾಠ ಯಾಕೆ ಬೇಕು?”

“ನಿಮ್ಮ ಮನಿ ನಕ್ಷಾ ನೀವ ಬರದೀರೇನ್ರಿ?”

“ಇಲ್ಲ, ಬಿಲ್ಡರ್ ಕೊಟ್ಟಿದ್ದು.”

“ಹಂಗಾದ್ರ ಅದು ಬಿಲ್ಡರ್ ಮನಿನೋ, ನಿಮ್ಮ ಮನಿನೋ? ಫಿನ್ನರೂ ಹಂಗ. ನಕ್ಷಾ ಮಂದೀದು, ಕಲ್ಲು ತಮ್ಮವು. ನಮ್ಮ ಹುಡುಗ್ರಿಗೆ ಕನ್ನಡದಾಗ ಪದಾ ಕಟ್ಟೂದು ಕಲಸ್ತೀನಿ. ನೀವು ಬಿಡ್ರಿ, ನಾ ಬಿಡೂದಿಲ್ಲ.”

ಯಾರೋ ನಕ್ಕರು. ಪಾಠದ ಪರ ಎದ್ದದ್ದು ಒಂದೇ ಕೈ, ಮೇಡಂ ಅವರದು. ಅವರನ್ನು ಕಾರಿನಲ್ಲಿ ಕರೆತಂದಿದ್ದ ನನಗೆ ಮತವಿರಲಿಲ್ಲ. ವಾಪಸು ಬರುತ್ತ ಸ್ಯಾನ್ ಡಿಯೆಗೊ ಹತ್ತಿರವಾದಾಗ ಮೇಡಂ, “ನಿಮ್ಮಲ್ಲಿ ಚಲೋ ಸ್ಟೇಪ್ಲರ್ ಅದ ಏನು?” ಎಂದು ಕೇಳಿದರು.

ಸಮಿತಿಯ ಪುಸ್ತಕ ಹಂಚಿದ ದಿನ ಮೇಡಂ ತರಗತಿಯ ಬಾಗಿಲಲ್ಲಿ ನಿಂತು, ಪ್ರತಿ ಮಗುವಿನ ಪುಸ್ತಕ ತೆಗೆದುಕೊಂಡು, ಮನೆಯಲ್ಲೇ ಪ್ರಿಂಟ್ ಮಾಡಿದ ಪಾಠವನ್ನು ಕೊನೆಯ ಪುಟಕ್ಕೆ ಪಿನ್ ಹೊಡೆದರು.

“ಇದು ರೂಲ್ಸ್‌ಗೆ ವಿರುದ್ಧ, ಮೇಡಂ,” ಎಂದರು ಹಂಚಲು ಬಂದಿದ್ದ ಅಧ್ಯಕ್ಷರು.

“ಬರಕೊಳ್ರಿ,” ಎಂದು ಮೇಡಂ ಮುಂದಿನ ಪುಸ್ತಕಕ್ಕೆ ಕೈಚಾಚಿದರು.

ಮೇಡಂ 2024ರಲ್ಲಿ ತೀರಿಕೊಂಡರು. ಈ ವರ್ಷ ಸಮಿತಿ ಹೊಸ ಮುದ್ರಣ ತಂದಿದೆ. ಅದರಲ್ಲೂ ಆ ಪಾಠವಿಲ್ಲ. ಕಳೆದ ಶನಿವಾರ ಮೀರಾ ಮೆಸಾದ ತರಗತಿಯಲ್ಲಿ ನನ್ನ ಮಗಳು ಅದನ್ನು ಬಿಡಿ ಹಾಳೆಗಳಿಂದ ಕಲಿಸಿದಳು.